ಎರಡು ಜಡೆಯ ಸನ್ನೆ

ನಮ್ಮ ಮನೆಯಲ್ಲಿ ಅಜ್ಜಿ ಅಂದರೆ ಮೂಗಿನ ಪಕ್ಕ ಒಂದು ಬೆರಳು, ಅವರ ಮೂಗುಬಟ್ಟಿನ ಗುರುತು. ಅಪ್ಪ ಅಂದರೆ ಮೀಸೆ. ಕಾಫಿ ಅಂದರೆ ಒಂದು ಕೈಯಿಂದ ಇನ್ನೊಂದು ಕೈಗೆ ಎತ್ತರದಿಂದ ಸುರಿಯುವುದು. ನಾನು ಅಂದರೆ ಭುಜದ ಮೇಲಿಂದ ಇಳಿಯುವ ಎರಡು ಜಡೆ. ನಾನು ಜಡೆ ಕತ್ತರಿಸಿ ಹನ್ನೆರಡು ವರ್ಷವಾಯಿತು. ಚಿಕ್ಕಪ್ಪನ ಕೈಯಲ್ಲಿ ಅವು ಹಾಗೇ ಇವೆ.

ಚಿಕ್ಕಪ್ಪನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಚಾಮರಾಜಪೇಟೆಯ ಪ್ರೆಸ್ಸೊಂದರಲ್ಲಿ ಪುಸ್ತಕ ಬೈಂಡಿಂಗ್ ಮಾಡಿಕೊಂಡು, ಬನಶಂಕರಿ ಎರಡನೇ ಹಂತದ ನಮ್ಮ ಮನೆಯಲ್ಲಿ ನಮ್ಮ ಜೊತೆಗೇ ಇದ್ದಾರೆ. ಅವರು ಹೇಳುವುದೆಲ್ಲ ನಮಗೆ ಅರ್ಥವಾಗುತ್ತದೆ ಎಂದು ನಾವು ಬಂದವರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು. ಆದರೆ ಅವರ ಜೊತೆ ಯಾರೂ ಜಗಳವಾಡಿದ್ದು ನನಗೆ ನೆನಪಿಲ್ಲ. ಜಗಳವಾಡುವಷ್ಟು ಮಾತು ನಮ್ಮ ಸನ್ನೆಗಳಲ್ಲಿ ಇರಲೇ ಇಲ್ಲ ಎಂಬುದು ನನಗೆ ಹೊಳೆದದ್ದು ಹೋದ ವರ್ಷ.

ನನ್ನ ಪಿಎಚ್.ಡಿ. ರಂಗಭೂಮಿಯ ಮೇಲೆ. ಹೋದ ವರ್ಷ ಜೆ.ಪಿ. ನಗರದ ಒಂದು ಮನೆಯ ಮಹಡಿಯಲ್ಲಿ ಕಿವುಡ ಕಲಾವಿದರು ಮತ್ತು ಕಿವಿ ಕೇಳುವ ಕಲಾವಿದರು ಸೇರಿ ಮೂರು ವಾರದ ರೆಸಿಡೆನ್ಸಿ ನಡೆಸಿದರು. ಆರು ತಿಂಗಳು ಸನ್ನೆ ಭಾಷೆಯ ತರಗತಿಗೆ ಹೋಗಿದ್ದ ಧೈರ್ಯದ ಮೇಲೆ ನಾನು ಟಿಪ್ಪಣಿ ಬರೆಯುವವಳಾಗಿ ಸೇರಿಕೊಂಡೆ. ಮೊದಲ ದಿನ 'ಶ್ರವಣದೋಷವುಳ್ಳವರು' ಎಂದು ಬರೆದುಕೊಂಡಿದ್ದೆ. ಪಕ್ಕದಲ್ಲಿದ್ದ ಚಿತ್ರಕಲಾವಿದೆ ಅದನ್ನು ಓದಿ, 'ದೋಷ'ವನ್ನು ಹೊಡೆದುಹಾಕಿ, 'ಕಿವುಡರು' ಎಂದು ತಿದ್ದಿದರು.

ಅಲ್ಲಿ ಮೂರನೇ ಬೆಲ್ ಇರಲಿಲ್ಲ. ಲೈಟು ಎರಡು ಸಲ ಆರಿ ಹತ್ತಿದರೆ ಎಲ್ಲರೂ ಬರಬೇಕು. ಕುಳಿತುಕೊಳ್ಳುವುದು ವೃತ್ತಾಕಾರದಲ್ಲಿ; ಒಬ್ಬರ ಬೆನ್ನು ಇನ್ನೊಬ್ಬರಿಗೆ ಕಂಡರೆ ಮಾತು ನಿಂತುಹೋಗುತ್ತದೆ. ಇವೆಲ್ಲ ಬೇಗ ರೂಢಿಯಾದವು. ಕಷ್ಟವಾಗಿದ್ದು ಬೇರೆ. ನಿರ್ದೇಶಕರು ಒಂದು ಚಲನೆಯನ್ನು ತೋರಿಸುತ್ತಲೇ ವಿವರಿಸುತ್ತಿದ್ದರು. ಕಿವುಡ ನಟ ಅವರ ಕಾಲನ್ನು ನೋಡಬೇಕೋ, ಅನುವಾದಕಿಯ ಕೈಯನ್ನು ನೋಡಬೇಕೋ? ಎರಡನ್ನೂ ಒಟ್ಟಿಗೆ ನೋಡಲಾಗದು. ಸನ್ನೆ ಭಾಷೆಯ ಅನುವಾದ ದಣಿಸುವ ಕೆಲಸ. ಇಬ್ಬರಿದ್ದು, ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಬದಲಾಗುವುದು ವಾಡಿಕೆ. ನಮ್ಮಲ್ಲಿ ದಿನವಿಡೀ ಒಬ್ಬರೇ. ಲೈಟಿಗೆ, ಪರದೆಗೆ ದುಡ್ಡಿತ್ತು. ಇನ್ನೊಬ್ಬ ಅನುವಾದಕರಿಗೆ ಇರಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಅವರ ಕೈ ನಿಧಾನವಾಗುತ್ತಿತ್ತು. ಕಿವುಡ ಕಲಾವಿದರ ಅಭಿಪ್ರಾಯಗಳೂ ಆ ಹೊತ್ತಿಗೇ ಕಡಿಮೆಯಾಗುತ್ತಿದ್ದವು. ನನ್ನ ಟಿಪ್ಪಣಿಯಲ್ಲಿ ನಾನು ಬರೆದದ್ದು, 'ಮಧ್ಯಾಹ್ನದ ನಂತರ ಉತ್ಸಾಹ ಇಳಿಯುತ್ತದೆ' ಎಂದು!

ಎರಡನೇ ವಾರ ನಿಜವಾದ ಜಗಳ ಬಂತು. ನಿರ್ದೇಶಕರಿಗೆ 'ಮೌನ'ದ ಬಗ್ಗೆ ನಾಟಕ ಬೇಕಿತ್ತು: ಬಿಳಿ ಬಟ್ಟೆ, ನಿಧಾನ ನಡಿಗೆ, ಮೂಕಾಭಿನಯ. ಚಿತ್ರಕಲಾವಿದೆ ಎದ್ದು ನಿಂತರು. ಮೌನ ನಿಮ್ಮ ಕಲ್ಪನೆ, ನಮ್ಮ ಮನೆಯಲ್ಲಿ ಬೆಳಗಾದರೆ ಗಲಾಟೆ, ನನ್ನ ಗಂಡನೂ ಕಿವುಡ, ಇಬ್ಬರೂ ಒಟ್ಟಿಗೆ ಬೈದಾಡುತ್ತೇವೆ ಎಂದರು. ಎಲ್ಲರೂ ನಕ್ಕರು, ಆದರೆ ಅವರು ನಗಲಿಲ್ಲ. ನಾವು ಮೂಕಾಭಿನಯ ಮಾಡುತ್ತಿಲ್ಲ, ಮಾತಾಡುತ್ತಿದ್ದೇವೆ ಎಂದರು.

ಅವರ ಮಾತಿಗೆ ಶಾಸ್ತ್ರದ ಬೆಂಬಲವೂ ಇದೆ. ಸನ್ನೆಗಳಿಗೂ ಭಾಷೆಯ ಒಳರಚನೆ ಇದೆಯೆಂದು ಅಮೆರಿಕದ ವಿಲಿಯಂ ಸ್ಟೋಕಿ ತೋರಿಸಿದ್ದು 1960ರಲ್ಲಿ. ಭಾರತೀಯ ಸನ್ನೆ ಭಾಷೆಯೂ ಹಿಂದಿಯನ್ನೋ ಕನ್ನಡವನ್ನೋ ಕೈಗೆ ಇಳಿಸಿದ್ದಲ್ಲ. ಅದರಲ್ಲಿ ಪ್ರಶ್ನೆಪದ ವಾಕ್ಯದ ಕೊನೆಗೆ ಬರುತ್ತದೆ. ಹುಬ್ಬು, ಕಣ್ಣು, ತಲೆಯ ಓಲಾಟ ವ್ಯಾಕರಣದ ಕೆಲಸ ಮಾಡುತ್ತವೆ. ದೆಹಲಿಯಲ್ಲಿ ಈ ಭಾಷೆಗೆಂದೇ ಸರ್ಕಾರಿ ಸಂಶೋಧನಾ ಕೇಂದ್ರ ಶುರುವಾದದ್ದು 2015ರಲ್ಲಿ; ಅದರ ನಿಘಂಟು 2021ರ ಹೊತ್ತಿಗೆ 10,000 ಪದ ಮುಟ್ಟಿತು. ನಮ್ಮ ಮನೆಯ ನಿಘಂಟಿನಲ್ಲಿ ಎಷ್ಟು ಪದಗಳಿವೆಯೆಂದು ಒಂದು ರಾತ್ರಿ ಎಣಿಸಿದೆ. ನಲವತ್ತು ದಾಟಲಿಲ್ಲ.

ಆ ರಾತ್ರಿ ನನಗೆ ಅಲೀಪುರ ನೆನಪಾಯಿತು. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಊರು ಅದು. ಕಿವುಡರ ಸಂಖ್ಯೆ ಹೆಚ್ಚಿರುವ ಆ ಊರಿನಲ್ಲಿ ತಲೆಮಾರುಗಳಿಂದ ತನ್ನದೇ ಸನ್ನೆ ಭಾಷೆಯೊಂದು ಬೆಳೆದಿದೆ. ಸ್ವತಃ ಕಿವುಡರಾದ ಭಾಷಾವಿಜ್ಞಾನಿ ಸಿಬಾಜಿ ಪಾಂಡಾ 2012ರಲ್ಲಿ ಅದರ ಬಗ್ಗೆ ಬರೆದರು. ಆ ಬರಹದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಂಗತಿಯೆಂದರೆ, ಅಲ್ಲಿ ಕಿವಿ ಕೇಳುವವರೂ ಆ ಭಾಷೆ ಆಡುತ್ತಾರೆ. ಅದಕ್ಕೆ ಯೋಜನೆ, ಅನುದಾನ ಯಾವುದೂ ಇರಲಿಲ್ಲ. ಪಕ್ಕದ ಮನೆಯವರ ಜೊತೆ ಮಾತಾಡಬೇಕಿತ್ತು, ಕಲಿತರು. ಅಲ್ಲಿಂದ ನೂರು ಕಿಲೋಮೀಟರೂ ದೂರವಿಲ್ಲದ ಬೆಂಗಳೂರಿನಲ್ಲಿ, ಒಂದೇ ಸೂರಿನ ಕೆಳಗಿದ್ದು ನಾವು ಕಲಿಯಲಿಲ್ಲ.

ಮೂರನೇ ವಾರದ ಒಂದು ಭಾನುವಾರ ಚಿಕ್ಕಪ್ಪನನ್ನು ರೆಸಿಡೆನ್ಸಿಗೆ ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದವರು ಬಾಗಿಲ ಬಳಿಯೇ ಕುಳಿತರು. ಅಲ್ಲಿನವರ ವೇಗ ಅವರಿಗೆ ಹಿಡಿಯಲಿಲ್ಲ. ಅವರು ಕಲಿತದ್ದು ಪ್ರೆಸ್ಸಿನ ಇಬ್ಬರು ಗೆಳೆಯರಿಂದ ಮಾತ್ರ. ಚಿತ್ರಕಲಾವಿದೆ ಎದುರಿಗೆ ನೆಲದ ಮೇಲೆ ಕುಳಿತು, ಕೈಯ ವೇಗ ತಗ್ಗಿಸಿದರು. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ಚಿಕ್ಕಪ್ಪನ ಕೈಗಳು ಅಷ್ಟು ಹೊತ್ತು ಆಡಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಮುಖ ಕೆಂಪಾಗಿತ್ತು. ನಡುವೆ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ತೋರಿಸಿದರು. ನನಗೆ ಅರ್ಥವಾಗಲಿಲ್ಲ.

ಏನು ಹೇಳುತ್ತಿದ್ದಾರೆ ಎಂದು ಕೇಳಿದೆ. ಕಲಾವಿದೆ ನನ್ನನ್ನು ಒಂದು ಕ್ಷಣ ನೋಡಿ, ಅನುವಾದಕಿಯನ್ನು ಕರೆದರು. ನನ್ನ ಚಿಕ್ಕಪ್ಪನ ಮಾತು ಅವರಿಂದ ಕಲಾವಿದೆಗೆ, ಕಲಾವಿದೆಯಿಂದ ಅನುವಾದಕಿಗೆ, ಅನುವಾದಕಿಯಿಂದ ನನಗೆ ತಲುಪಿತು. ಶಾಲೆಯಲ್ಲಿ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂರಬೇಕಿತ್ತಂತೆ. ಮಾಸ್ತರರ ಗಂಟಲು ಮುಟ್ಟಿ, ತನ್ನ ಗಂಟಲು ಮುಟ್ಟಿ, 'ಪ', 'ಬ' ಎನ್ನಬೇಕಿತ್ತಂತೆ. ಕೈ ಎತ್ತಿದರೆ ಸ್ಕೇಲು. ನಾಲ್ಕನೇ ಕ್ಲಾಸಿಗೆ ಬಿಟ್ಟುಬಿಟ್ಟರು. ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದದ್ದು, ಅವನಿಗೆ ಓದು ತಲೆಗೆ ಹತ್ತಲಿಲ್ಲ ಎಂದು.

1880ರಲ್ಲಿ ಮಿಲಾನಿನಲ್ಲಿ ಸೇರಿದ ಕಿವುಡರ ಶಿಕ್ಷಕರು, ಬಹುಪಾಲು ಕಿವಿ ಕೇಳುವವರೇ, ಶಾಲೆಗಳಲ್ಲಿ ಸನ್ನೆ ಬೇಡ, ಬಾಯಿಮಾತೇ ಸಾಕು ಎಂದು ನಿರ್ಣಯಿಸಿದ್ದರು. ಇದನ್ನು ನಾನು ಪ್ರಬಂಧದ ಮೊದಲ ಅಧ್ಯಾಯದಲ್ಲಿ ಬರೆದೂ ಇದ್ದೆ. ಅದರ ಒಂದು ತುದಿ ನಮ್ಮ ಮನೆಯ ಊಟದ ಸಾಲಿನಲ್ಲಿ ಕುಳಿತಿತ್ತೆಂದು ಗೊತ್ತಿರಲಿಲ್ಲ. 'ಮೂಗ ಕಂಡ ಕನಸು' ಎನ್ನುತ್ತೇವೆ, ಹೇಳಲಾಗದ್ದು ಎಂಬ ಅರ್ಥದಲ್ಲಿ. ಚಿಕ್ಕಪ್ಪ ಹೇಳಬಲ್ಲವರಾಗಿದ್ದರು. ತಿಳಿಯುವವರು ಎದುರಿಗಿರಲಿಲ್ಲ.

ಹೊರಡುವಾಗ ಕಲಾವಿದೆ ನನ್ನ ಸನ್ನೆ ಹೆಸರೇನು ಎಂದು ಕೇಳಿದರು. ಕಿವುಡರ ನಡುವೆ ಪ್ರತಿಯೊಬ್ಬರಿಗೂ ಒಂದು ಕೈಹೆಸರು ಇರುತ್ತದೆ. ಅದನ್ನು ತಾನೇ ಇಟ್ಟುಕೊಳ್ಳುವಂತಿಲ್ಲ, ಅವರು ಕೊಡಬೇಕು. ನನಗಿನ್ನೂ ಯಾರೂ ಕೊಟ್ಟಿಲ್ಲ ಎಂದೆ. ಚಿಕ್ಕಪ್ಪ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿ, ಭುಜದ ಮೇಲಿಂದ ಎರಡು ಜಡೆ ಇಳಿಸಿದರು.

ಪ್ರದರ್ಶನದ ಪೋಸ್ಟರಿನ ಕರಡಿನಲ್ಲಿ ನಿರ್ದೇಶಕರ ಹೆಸರಿತ್ತು, ಕೆಳಗೆ 'ಕಿವುಡ ಕಲಾವಿದರ ಸಹಭಾಗಿತ್ವದಲ್ಲಿ' ಎಂದಿತ್ತು. ಅದರ ಮೇಲೆ ಮತ್ತೊಂದು ಜಗಳ ನಡೆದು, ಐದು ಹೆಸರುಗಳು ಮೇಲಕ್ಕೆ ಬಂದವು. ಎರಡನೇ ಅನುವಾದಕರು ಮಾತ್ರ ಕೊನೆಯವರೆಗೂ ಬರಲಿಲ್ಲ. ನಾನು ಟಿಪ್ಪಣಿಯ ಆ ವಾಕ್ಯವನ್ನು ಹೊಡೆದುಹಾಕಿ, ಮಧ್ಯಾಹ್ನ ಮೂರಕ್ಕೆ ಏನಾಗುತ್ತಿತ್ತೋ ಅದನ್ನು ಬರೆದಿದ್ದೇನೆ.

ಈಗ ಭಾನುವಾರ ಸಂಜೆ ನಾನೂ ಚಿಕ್ಕಪ್ಪನೂ ಒಟ್ಟಿಗೆ ಸನ್ನೆ ಭಾಷೆಯ ತರಗತಿಗೆ ಹೋಗುತ್ತೇವೆ. ಅವರು ನನಗಿಂತ ಬೇಗ ಕಲಿಯುತ್ತಿದ್ದಾರೆ. ಹೋದ ವಾರ ಬಸ್ಸಿನಲ್ಲಿ, ನನ್ನ ಕೈ ತುಂಬ ಸೋಮಾರಿ ಎಂದು ಬೈದರು. ನಾನು ತಿರುಗಿ ಬೈದೆ. ಬನಶಂಕರಿ ಬಸ್ ನಿಲ್ದಾಣ ಬರುವವರೆಗೂ ಜಗಳವಾಡಿದೆವು.