ಚಯಾಪಚಯ: ತಡವಾಗಿ ಕಲಿತ ಒಂದು ಪದ

ಈ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ರಾಘವಾಂಕನನ್ನೋ ಷಡಕ್ಷರಿಯನ್ನೋ ಕುರಿತು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ನಾನಾದರೋ ಕೊರಳಿನ ಒಂದು ಗ್ರಂಥಿಯನ್ನು ಕುರಿತು ಬರೆಯಹೊರಟಿದ್ದೇನೆ. ವ್ಯಾಕರಣ ಹೇಳುವವನಿಗೆ ವೈದ್ಯದ ಗೊಡವೆ ಏಕೆಂದು ಓದುಗರು ಕೇಳಬಹುದು. ನಾನು ಮಾಡಿದ ಒಂದು ತಪ್ಪೇ ಅದಕ್ಕೆ ಕಾರಣ.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಬಾಲಕಿಯಿದ್ದಳು. ಕೆಂಗೇರಿಯ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಹಿಂದಿನ ವರ್ಷ ಷಟ್ಪದಿಗೆ ಪ್ರಸ್ತಾರ ಹಾಕುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಈಗ ಪಾಠದ ನಡುವೆ ತೂಕಡಿಸುವಳು. ಕೇಳಿದ ಪ್ರಶ್ನೆಗೆ ಬಹಳ ಹೊತ್ತಿನ ಮೇಲೆ ಒಡಕು ದನಿಯಲ್ಲಿ ಉತ್ತರ ಹೇಳುವಳು. ಬೇಸಗೆಯಲ್ಲಿಯೂ ಸ್ವೆಟರು ತೆಗೆಯಳು. ಒಂದು ದಿನ ತಾಳ್ಮೆಗೆಟ್ಟು, “ಏನಮ್ಮಾ, ಕುಂಭಕರ್ಣನ ವಂಶದವಳೇನು ನೀನು?” ಎಂದುಬಿಟ್ಟೆ. ತರಗತಿಯೆಲ್ಲ ನಕ್ಕಿತು. ಅವಳು ತಲೆ ತಗ್ಗಿಸಿದಳು. ಮೂರು ತಿಂಗಳ ಅನಂತರ ಅವಳ ತಾಯಿ ರಕ್ತಪರೀಕ್ಷೆಯ ಚೀಟಿ ಹಿಡಿದು ಬಂದರು. “ಮೇಷ್ಟ್ರೇ, ನನ್ನ ಮಗಳು ಸೋಮಾರಿಯಲ್ಲವಂತೆ. ಥೈರಾಯಿಡ್ ಕಡಮೆಯಂತೆ” ಎಂದರು. ಅಷ್ಟೇ ಮಾತು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಬಸವೇಶ್ವರನಗರದಲ್ಲಿ ನನ್ನ ಹಳೆಯ ಶಿಷ್ಯರೊಬ್ಬರು ವೈದ್ಯರಾಗಿದ್ದಾರೆ. ಮರುದಿನವೇ ಅವರ ಮನೆಗೆ ಹೋಗಿ, ಶಿಷ್ಯನ ಮುಂದೆ ಶಿಷ್ಯನಾಗಿ ಕುಳಿತೆ. ಅವರು ಹೇಳಿದ ಮೊದಲನೆಯ ಪದವೇ ‘ಚಯಾಪಚಯ’. ಚಯವೆಂದರೆ ಕೂಡಿಸುವುದು, ಅಪಚಯವೆಂದರೆ ಕರಗಿಸುವುದು. ಸವರ್ಣದೀರ್ಘ ಸಂಧಿಯೆಂದು ಥಟ್ಟನೆ ಹೇಳಬಲ್ಲ ನನಗೆ, ಆ ಸಂಧಿಯು ನಮ್ಮ ದೇಹದ ಪ್ರತಿಯೊಂದು ಜೀವಕೋಶದಲ್ಲಿಯೂ ಕ್ಷಣಕ್ಷಣವೂ ನಡೆಯುತ್ತಿದೆಯೆಂಬುದು ತಿಳಿದಿರಲಿಲ್ಲ. ಉಂಡ ಅನ್ನವು ಮೈಯಾಗುವುದೂ, ಉರಿದು ಶಕ್ತಿಯಾಗುವುದೂ ಇದರಿಂದಲೇ.

ಈ ಉರಿಯ ಪ್ರಮಾಣವನ್ನು ಕಾಯುವುದು ಕೊರಳ ಮುಂಭಾಗದಲ್ಲಿ, ಚಿಟ್ಟೆಯು ರೆಕ್ಕೆ ಹರಡಿದಂತಿರುವ, ಸುಮಾರು 20 ಗ್ರಾಂ ತೂಕದ ಗ್ರಂಥಿ. ಥೈರಾಯಿಡ್ ಎಂಬ ಹೆಸರು ಗುರಾಣಿಯೆಂಬ ಅರ್ಥದ ಗ್ರೀಕ್ ಪದದಿಂದ ಬಂದುದಾದ್ದರಿಂದ ಕನ್ನಡದಲ್ಲಿ ಇದನ್ನು ಗುರಾಣಿಕ ಗ್ರಂಥಿಯೆಂದೂ ಕರೆದಿದ್ದಾರೆ. ಇದು ನಿರ್ನಾಳ ಗ್ರಂಥಿ. ತನ್ನ ರಸವನ್ನು ನೇರವಾಗಿ ರಕ್ತಕ್ಕೆ ಒಪ್ಪಿಸುತ್ತದೆ. ರಕ್ತದಿಂದ ಅಯೋಡಿನನ್ನು ಸೆಳೆದುಕೊಂಡು, ನಾಲ್ಕು ಅಯೋಡಿನ್ ಪರಮಾಣುಗಳುಳ್ಳ ಥೈರಾಕ್ಸಿನನ್ನು ಸಿದ್ಧಪಡಿಸಿ, ಕಣಜದಲ್ಲಿ ಧಾನ್ಯವನ್ನಿಟ್ಟಂತೆ ವಾರಗಟ್ಟಲೆಗೆ ಸಾಲುವಷ್ಟನ್ನು ಕೂಡಿಟ್ಟಿರುತ್ತದೆ. ಯಕೃತ್ತೇ ಮೊದಲಾದ ಅಂಗಗಳಲ್ಲಿ ಒಂದು ಪರಮಾಣು ಕಳಚಿ ಮೂರುಳಿದಾಗ ಅದಕ್ಕೆ ಪೂರ್ಣ ಬಲ ಬರುತ್ತದೆ. ಆಗ ಅದು ಕೋಶದ ಕೇಂದ್ರವನ್ನು ಹೊಕ್ಕು, ಯಾವ ಯಾವ ಕೆಲಸ ಎಷ್ಟೆಷ್ಟು ನಡೆಯಬೇಕೆಂಬುದನ್ನು ವಿಧಿಸುತ್ತದೆ. ಆಮ್ಲಜನಕದ ಬಳಕೆ, ಮೈಯ ಕಾವು, ಹೃದಯದ ಬಡಿತ, ಕರುಳಿನ ಚಲನೆ, ಮಕ್ಕಳ ಬೆಳವಣಿಗೆ ಎಲ್ಲವೂ ಇದರ ಅಂಕೆಗೆ ಒಳಪಟ್ಟವು.

ಈ ಗ್ರಂಥಿಗೂ ಮೇಲ್ವಿಚಾರಕರುಂಟು. ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯು ರಕ್ತದಲ್ಲಿ ಥೈರಾಕ್ಸಿನ್ ಇಳಿದರೆ ಚೋದಕವನ್ನು ಹೆಚ್ಚಾಗಿ ಕಳುಹಿಸುತ್ತದೆ; ಏರಿದರೆ ತಡೆಯುತ್ತದೆ. ಚೀಟಿಯಲ್ಲಿ ಟಿ.ಎಸ್.ಎಚ್. ಎಂದು ಬರೆದಿರುವುದು ಆ ಚೋದಕವನ್ನೇ. ರಸ ಅತಿಯಾದರೆ ಎದೆ ಡವಗುಟ್ಟಿ, ಉಂಡರೂ ಮೈ ಇಳಿಯುತ್ತದೆ. ಕಡಮೆಯಾದರೆ ಒಲೆ ನಂದಿದಂತೆ ಚಳಿ, ಜಡತೆ, ಮರೆವು. ನಾನು ಸೋಮಾರಿತನವೆಂದು ಹೀಯಾಳಿಸಿದ್ದು ಇದನ್ನೇ.

ಬಾಲ್ಯದಲ್ಲಿ ಮಲೆನಾಡಿನ ನೆಂಟರ ಮನೆಯಲ್ಲಿ ಗಳಗಂಡವಿದ್ದ ಅಜ್ಜಿಯೊಬ್ಬರನ್ನು ನೋಡಿದ್ದೆ. ಎಡೆಬಿಡದ ಮಳೆಗೆ ಮಣ್ಣಿನ ಅಯೋಡಿನ್ ಕೊಚ್ಚಿಹೋದ ಸೀಮೆಗಳಲ್ಲಿ, ಇಲ್ಲದ ದ್ರವ್ಯಕ್ಕಾಗಿ ದುಡಿದು ದುಡಿದು ಗ್ರಂಥಿ ಹಾಗೆ ಊದಿಕೊಳ್ಳುತ್ತದೆಯೆಂದು ಈಗ ತಿಳಿಯಿತು. ದಿನವೊಂದಕ್ಕೆ ವಯಸ್ಕರಿಗೆ ಬೇಕಾದದ್ದು 150 ಮೈಕ್ರೋಗ್ರಾಂ ಮಾತ್ರ. 70 ವರ್ಷ ಬಾಳಿದರೂ ಒಟ್ಟು 4 ಗ್ರಾಂ ಮೀರದು! ಅಷ್ಟು ಅಲ್ಪವನ್ನು ಉಪ್ಪಿನಲ್ಲಿ ಬೆರೆಸಿ ಮನೆಮನೆಗೆ ಮುಟ್ಟಿಸಲು 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಪ್ರಾರಂಭವಾಯಿತು. ಆದರೆ ನಮ್ಮ ಬಾಲಕಿಯ ಮನೆಯಲ್ಲಿ ಅಂಥ ಉಪ್ಪೇ ಇತ್ತು. ಅವಳದು, ದೇಹದ ರಕ್ಷಕಶಕ್ತಿಯೇ ತನ್ನ ಗ್ರಂಥಿಯ ಮೇಲೆ ತಿರುಗಿಬೀಳುವ ಬೇನೆ. ಜಪಾನಿನ ವೈದ್ಯ ಹಾಶಿಮೊಟೊ 1912ರಲ್ಲಿ ಬಣ್ಣಿಸಿದ್ದು. ಅದಕ್ಕೆ ಉಪ್ಪು ಮದ್ದಲ್ಲ. ಬೆಳಗ್ಗೆ ಬರಿಹೊಟ್ಟೆಯಲ್ಲಿ ಒಂದು ಥೈರಾಕ್ಸಿನ್ ಮಾತ್ರೆ, ಅರ್ಧ ಗಂಟೆಯಾದರೂ ಕಳೆದ ಮೇಲೆ ತಿಂಡಿ, ಕಾಲಕಾಲಕ್ಕೆ ಪರೀಕ್ಷೆ. ಇಷ್ಟೇ ಚಿಕಿತ್ಸೆ.

ಕೆಲವು ತಿಂಗಳಲ್ಲಿ ಅವಳು ಮೊದಲಿನಂತಾದಳು. ಯಾವ ತರಗತಿಯ ಮುಂದೆ ಅಂದಿದ್ದೆನೋ ಅದರ ಮುಂದೆಯೇ, “ತಪ್ಪು ನನ್ನದಮ್ಮಾ” ಎಂದೆ. ಅವಳು, “ಇರಲಿ ಸಾರ್, ಆಗ ನನಗೂ ನಾನು ಸೋಮಾರಿ ಅಂತಲೇ ಅನ್ನಿಸಿತ್ತು” ಎಂದಳು. ಆ ಮಾತು ನನ್ನನ್ನು ಇನ್ನೂ ನೋಯಿಸುತ್ತದೆ. ಮಗುವಿಗೆ ಇಲ್ಲದ ದೋಷವನ್ನು ಇದೆಯೆಂದು ನಂಬಿಸುವುದಕ್ಕಿಂತ ದೊಡ್ಡ ಅಪಚಾರ ಗುರುವಿನಿಂದ ಮತ್ತೊಂದಿಲ್ಲ.

ಕಾಯಕವನ್ನು ದೊಡ್ಡದೆಂದು ಸಾರಿದ ಪರಂಪರೆ ನಮ್ಮದು. ಕಾಯಕಕ್ಕೆ ಕಾಯವು ಮೊದಲು ಸಮರ್ಥವಾಗಿರಬೇಕಷ್ಟೆ. ಸಹೋದ್ಯೋಗಿಗಳಲ್ಲಿ ನನ್ನ ಬಿನ್ನಹವಿದು: ಚುರುಕಾಗಿದ್ದ ಮಗು ಮಂಕಾದರೆ ಬೆತ್ತದ ಮಾತು ಬೇಡ, ತಂದೆತಾಯಿಯರನ್ನು ಕರೆಸಿ ವೈದ್ಯರಲ್ಲಿಗೆ ಕಳುಹಿಸಿರಿ. ದಾನಿಗಳಲ್ಲಿಯೂ ಒಂದು ಕೋರಿಕೆ: ದತ್ತಿ ಬಹುಮಾನಗಳ ಜೊತೆಗೆ, ವೈದ್ಯರು ಬೇಕೆಂದ ಬಡಮಕ್ಕಳ ರಕ್ತಪರೀಕ್ಷೆಯ ವೆಚ್ಚಕ್ಕೂ ಒಂದು ಪಾಲಿರಲಿ. ಅದೂ ದಾಸೋಹವೇ.