ಕಾಂಡ್ಲಾವನದ ನವರಂಗ

ಒಂದು ಹಕ್ಕಿಯನ್ನು ನೋಡುವದಕ್ಕಾಗಿ ಹೆಣ್ಣುಮಕ್ಕಳನ್ನು ಒಡಿಶಾದವರೆಗೆ, ಅದೂ ಮೊಸಳೆಗಳಿರುವ ಹೊಳೆಗೆ, ಕರೆದುಕೊಂಡು ಹೋಗುವದು ಉಚಿತವೇ ಎಂದು ಕೆಲವರು ಪೋಷಕರು ನಮ್ಮನ್ನು ಕೇಳಿದ್ದರು. ಪ್ರಶ್ನೆಯು ನ್ಯಾಯವಾದದ್ದೇ. ಅದಕ್ಕೆ ಉತ್ತರವನ್ನು ಪೋಷಕರಿಗೂ ನಮ್ಮ ಪೂರ್ವವಿದ್ಯಾರ್ಥಿನಿಯರಿಗೂ ಈ ಸಂಚಿಕೆಯಲ್ಲಿ ಅರಿಕೆ ಮಾಡುತ್ತೇವೆ.

ಬ್ರಾಹ್ಮಣಿ, ಬೈತರಣಿ ನದಿಗಳು ಸಮುದ್ರವನ್ನು ಸೇರುವಲ್ಲಿ ಭಿತರ್‌ಕನಿಕಾ ಎಂಬ ವಿಸ್ತಾರವಾದ ಕಾಂಡ್ಲಾವನವಿದೆ. 1998ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಉಪ್ಪುನೀರು ದಿನಕ್ಕೆ ಎರಡಾವೃತ್ತಿ ಏರಿ ಇಳಿಯುವ ಆ ಕೆಸರಿನಲ್ಲಿ ಮರಗಳು ಉಸಿರಾಡುವದಕ್ಕಾಗಿ ಬೇರುಗಳನ್ನು ಮೊಳೆಗಳಂತೆ ಮೇಲಕ್ಕೆ ಚಾಚಿವೆ. ಮೇ ತಿಂಗಳಿನಿಂದ ಮೊಸಳೆಗಳು ಗೂಡುಕಟ್ಟುವ ಕಾಲವಾದ್ದರಿಂದ ಅಲ್ಲಿ ಪ್ರವೇಶವಿಲ್ಲ. ಆದಕಾರಣ ನಾವು ಏಪ್ರಿಲ್ ರಜೆಯಲ್ಲಿಯೇ ಹೋದೆವು.

ಮೊದಲನೆಯ ದಿನ ಏನೂ ಕಾಣಲಿಲ್ಲ. ನಮ್ಮ ಹುಡುಗಿಯರ ಮಾತು ನಿಲ್ಲಲಿಲ್ಲ. ಎರಡನೆಯ ಬೆಳಿಗ್ಗೆ ನೀರು ಇಳಿದ ಹೊತ್ತಿಗೆ ಎರಡು ಸ್ವರದ ಸಿಳ್ಳು ಕೇಳಿಸಿತು. ತರಗತಿಯಲ್ಲಿ ಅಪರೂಪಕ್ಕೆ ಬಾಯಿ ತೆರೆಯುವ ಒಬ್ಬ ಹುಡುಗಿ ಸದ್ದಿಲ್ಲದೆ ನಮ್ಮ ತೋಳನ್ನು ಮುಟ್ಟಿ ಬೇರುಗಳ ಕಡೆಗೆ ತೋರಿಸಿದಳು. ಹಸುರು ಬೆನ್ನು, ನೀಲಿ ರೆಕ್ಕೆ, ಕಣ್ಣಿಗೆ ಕಪ್ಪುಪಟ್ಟಿ, ಬಿಳಿಯ ಕೊರಳು, ಬಾಲದಡಿಯಲ್ಲಿ ಕುಂಕುಮದ ಕೆಂಪು! ಕಾಂಡ್ಲಾದ ಪಿಟ್ಟ ಹಕ್ಕಿಯು ತನ್ನ ದಪ್ಪ ಕೊಕ್ಕಿನಿಂದ ಏಡಿಯೊಂದನ್ನು ಹಿಡಿದು, ಬೇರಿಗೆ ಬಡಿದು ನುಂಗಿ ಮರೆಯಾಯಿತು.

ಚಳಿಗಾಲದಲ್ಲಿ ನಮ್ಮ ಹಿತ್ತಲುಗಳಿಗೆ ಬರುವ ನವರಂಗವು ಇದರ ದಾಯಾದಿ. ಪಿಟ್ಟ ಎಂಬ ಲೋಕಪ್ರಸಿದ್ಧ ಹೆಸರು ನಮ್ಮ ನೆರೆಯ ತೆಲುಗಿನದು. ಅಲ್ಲಿ ಅದರ ಅರ್ಥ ಸಣ್ಣ ಹಕ್ಕಿ ಎಂದಷ್ಟೇ. 2024ರಲ್ಲಿ ಒಡಿಶಾದ ಅರಣ್ಯ ಇಲಾಖೆಯವರು ಈ ಹಕ್ಕಿಗಳನ್ನು ಮೊದಲ ಬಾರಿ ಎಣಿಸಿದಾಗ ಕಂಡವು 179 ಮಾತ್ರ. ಕಾಂಡ್ಲಾದ ಕೆಸರಿಲ್ಲದಿದ್ದರೆ ಇದಕ್ಕೆ ಅನ್ನವಿಲ್ಲ.

ಮನುಷ್ಯರಿಗಾದರೋ? 1999ರ ಅಕ್ಟೋಬರಿನ ಮಹಾ ಚಂಡಮಾರುತದಲ್ಲಿ ಈ ಕೇಂದ್ರಪಾಡಾ ಜಿಲ್ಲೆಯೂ ಸಿಕ್ಕಿತ್ತು. ಸಮುದ್ರಕ್ಕೂ ಊರಿಗೂ ನಡುವೆ ಅಗಲವಾದ ಕಾಂಡ್ಲಾ ಇದ್ದ ಹಳ್ಳಿಗಳಲ್ಲಿ ಸತ್ತವರು ಕಡಿಮೆ ಎಂದು 2009ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ಇದನ್ನು ಹೇಳಿದಾಗ ಆ ಮೌನದ ಹುಡುಗಿಯೇ, "ಹಾಗಾದರೆ ಹಕ್ಕಿಯ ಮನೆಯೇ ಊರಿನ ಗೋಡೆಯಲ್ಲವೇ, ಅಮ್ಮ?" ಎಂದಳು. ಯಾವ ಪಾಠಪುಸ್ತಕದಿಂದಲೂ ನಾವು ಅವಳಿಂದ ಇಂಥ ಮಾತನ್ನು ಹೊರಡಿಸಿರಲಿಲ್ಲ.

ಕುಂದಾಪುರ, ಹೊನ್ನಾವರಗಳ ಹೊಳೆಗಳಲ್ಲಿಯೂ ಕಾಂಡ್ಲಾ ಉಂಟು. ನಿಮ್ಮ ದಂಡೆಯಲ್ಲಿ ಅದನ್ನು ಕಡಿಯುವ ಮಾತು ಬಂದರೆ, ಪೋಷಕರೇ, ಮೊದಲು ನಿಮ್ಮ ಮಗಳನ್ನು ಒಂದು ಮಾತು ಕೇಳಿರಿ.