ಜೋಡೆತ್ತಿನಾಗ ಒಂದು ಕುಂಟಿದ್ರ

ಅಕ್ಕಗೋಳ, ತಂಗ್ಯಾರ, ಈ ಸಲ ಅಡಗಿ ಮಾತಲ್ಲ. ನಮ್ಮ ಪಡಸಾಲ್ಯಾಗ ಟಿವಿ ಬಾಜೂಕ ಕರಿ ಡಬ್ಬಿ ಅದ ನೋಡ್ರಿ, ಅದರ ಮಾತು. ಮಗ ಬೆಂಗಳೂರಿನಿಂದ ತಂದಿಟ್ಟಾನ, ಸ್ಟೋರೇಜ್ ಸರ್ವರ್ ಅಂತಾರ. ಒಳಗ ಎರಡು ಹಾರ್ಡ್ ಡಿಸ್ಕ್. ಒಂದರಾಗ ಬರದದ್ದೇ ಇನ್ನೊಂದರಾಗೂ ಬರೀತದ. ಒಂದು ಕೆಟ್ರ ಇನ್ನೊಂದು ಉಳೀಲಿ ಅಂತ.

ನಮ್ಮವ್ವ ಹೋಗಿ ವರ್ಷ ಆಯ್ತು. ಆಕಿ ಹಾಡಿದ ಬೀಸೋ ಪದ ನನ್ನ ಹಳೇ ಫೋನಿನಾಗಿದ್ವು, 18 ಜಿಬಿ ವಿಡಿಯೋ. ಫೋನ್ ತಾನೇ ಬಂದ್ ಆಗ್ಲತ್ತಿತ್ತು. ಡಬ್ಬಿಗೆ ಹಾಕಾಕ ಹೋದ್ರ ಮೊದಲ ಜೋರು ಹೋಗಿ ಆಮ್ಯಾಲ ಸೆಕೆಂಡಿಗೆ 4 ಎಂಬಿ ಆಯ್ತು. ಒಂದು ತಾಸಿನ ಮ್ಯಾಲೇ ಆಗ್ತದ ಅಂತ ತೋರ್ಸ್ತು. ಅರ್ಧಕ್ಕ ಫೋನ್ ಬಂದ್. ನನ್ನ ಎದಿ ಧಸಕ್ ಅಂತು.

ಸೊಸಿಗೆ ಫೋನ್ ಹಚ್ಚಿದೆ. "ಅತ್ತಿ, ಒಮ್ಮೆಲೆ ಎಲ್ಲಾ ಬಿಚ್ಚಬ್ಯಾಡ್ರಿ, ಒಂದೊಂದೇ ನೋಡೂನು" ಅಂದ್ಳು. ಮೊದಲ ವೈಫೈ ಬಿಟ್ಟು, ಲ್ಯಾಪ್‌ಟಾಪಿಗೆ ವೈರ್ ಹಚ್ಚಿ ಮದುವಿ ವಿಡಿಯೋ ಹಾಕ್ಸಿದ್ಳು. ಮತ್ತ 4. ಅಂದ್ರ ವೈಫೈ ತಪ್ಪಲ್ಲ. ಡಬ್ಬ್ಯಾಗಿನ ಹಳೇ ವಿಡಿಯೋ ಹಚ್ಚಿದ್ರ ಫಟ್ಟನೆ ಓಡ್ತು. ಓದೂದು ಸಲೀಸು, ಬರಿಯೂದೇ ತ್ರಾಸು.

ಆಮ್ಯಾಲ ಡಿಸ್ಕಿನ ಆರೋಗ್ಯ ತೋರಿಸೋ ಪುಟ ತಗಿಸಿದ್ಳು. ಕೆಟ್ಟ ಜಾಗ ಬಿಟ್ಟು ಬ್ಯಾರೆ ಜಾಗಕ್ಕ ಬರದ ಲೆಕ್ಕ ಒಂದರಾಗ ಸೊನ್ನಿ, ಇನ್ನೊಂದರಾಗ 312. ಮರುದಿನ 340.

ಆಗ ತಿಳೀತು. ಓದಾಕ ಒಂದು ಡಿಸ್ಕ್ ಸಾಕು, ಬರಿಯಾಕ ಎರಡೂ ಮುಗಸ್ಬೇಕು. ಜೋಡೆತ್ತಿನಾಗ ಒಂದು ಕುಂಟಿದ್ರ ಬಂಡಿ ಕುಂಟೆತ್ತಿನ ನಡಿಗ್ಯಾಗೇ ಹೋಗ್ತದ. ಮೊದಲ ಜೋರು ಹೋದದ್ದ್ಯಾಕ? ಸುಗ್ಗ್ಯಾಗ ಚೀಲ ಪಡಸಾಲ್ಯಾಗ ಒಗಿಯೂದು ಲಗೂನ, ಒಳಗ ಒಯ್ದು ಒಟ್ಟೂದು ತಡ. ಡಬ್ಬೀನೂ ಮೊದಲ ಮೆಮೊರ್ಯಾಗ ಒಗದು, ಅದು ತುಂಬಿದ ಮ್ಯಾಲ ಡಿಸ್ಕಿನ ದಾರಿ ಕಾಯ್ತದ.

"ಮೊದಲ ಅಮ್ಮನ ಹಾಡು ಉಳಸ್ರಿ, ರಿಪೇರಿ ಆಮ್ಯಾಲ" ಅಂದ್ಳು ಸೊಸಿ. ಶಹಾಪುರಕ್ಕ ಹೋಗಿ 32 ಜಿಬಿ ಪೆನ್‌ಡ್ರೈವ್ ತಂದು ಅದ್ರಾಗ ಹಾಕಿದೆ. ಮಗ ಹೊಸ ಡಿಸ್ಕ್ ಕಳಿಸಿದ. ನಂಬರ್ ಎರಡು ಸಲ ಓದಿ, ಕೆಟ್ಟದ್ದನ್ನೇ ತಗದೆ. ಚಲೋದು ತಗದಿದ್ರ ಎಲ್ಲಾ ಹೋಗಬಹುದಿತ್ತು. ರಾತ್ರಿಯೆಲ್ಲಾ ಹಳೇದರಾಗಿಂದು ಹೊಸದಕ್ಕ ಬರ್ಕೋತು. ಮರುದಿನ ಅದೇ ಮದುವಿ ವಿಡಿಯೋ ಸೆಕೆಂಡಿಗೆ 100 ಎಂಬಿ ಓಡ್ತು.

ಡಬ್ಬ್ಯಾಗ ಎರಡು ಡಿಸ್ಕ್ ಅವ ಅಂತ ಬೇಫಿಕರ್ ಇರಬ್ಯಾಡ್ರಿ. ಕೈತಪ್ಪಿ ಅಳಿಸಿದ್ರ ಎರಡರಾಗೂ ಅಳೀತದ. ಪೆನ್‌ಡ್ರೈವ್ ಈಗ ಅವ್ವನ ಸೀರಿ ಮಡಿಕ್ಯಾಗ ಅದ. ನಿನ್ನಿ ರಾತ್ರಿ ಒಂದು ಪದ ಪೂರಾ ಕೇಳಿದ ಮ್ಯಾಲೇ ಹಳೇ ಫೋನ್ ಬಂದ್ ಮಾಡಿದೆ.